ಮಗುವಿರುವ ಮನೆಯ ಮೆಟ್ಟಿಲಿಗೆ ತಡೆಬಾಗಿಲು

ಮುಂಬಯಿಯಲ್ಲಿ ನೆಲೆಸಿದ ನಮ್ಮ ಜನರ ಮನೆಗಳು ಅಗಲಕ್ಕೆ ಬೆಳೆದುದಕ್ಕಿಂತ ಎತ್ತರಕ್ಕೆ ಬೆಳೆದುದೇ ಹೆಚ್ಚು. ಗಿರಗಾಂವ, ಪರೇಲ, ಲಾಲಬಾಗಗಳ ಚಾಳುಗಳಲ್ಲಿ ಒಂದೇ ಖೋಲಿಯ ಅರ್ಧ ಭಾಗಕ್ಕೆ ಹಲಗೆ ಹಾಸಿ ‘ಪೋಟಮಾಳಾ’ ಎಂಬ ಅಟ್ಟವನ್ನು ಮಾಡಿಕೊಂಡು, ಅದಕ್ಕೆ ಕಡಿದಾದ ಮರದ ಏಣಿಯೊಂದನ್ನು ಒರಗಿಸಿ, ಆರೇಳು ಮಂದಿಯ ಸಂಸಾರವನ್ನು ಸಾಗಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. 1985ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಆರಂಭವಾದ ನಗರಾಭಿವೃದ್ಧಿ ಯೋಜನೆಯ ಮೂಲಕ ಕಾಂದಿವಲಿಯ ಚಾರ್ಕೋಪ, ಬೋರಿವಲಿಯ ಗೊರಾಯಿ ಮೊದಲಾದೆಡೆ ಸಾಮಾನ್ಯ ವರ್ಗದವರಿಗೆ ಚಿಕ್ಕ ಚಿಕ್ಕ ನಿವೇಶನಗಳು ದೊರೆತವು. ಅಲ್ಲಿ ಮೊದಲು ನೆಲದ ಮೇಲೊಂದು ಕೋಣೆ, ಸಂಸಾರ ಬೆಳೆದ ಮೇಲೆ ಅದರ ಮೇಲೊಂದು ಅಂತಸ್ತು, ಹೀಗೆ ಕಟ್ಟಿಕೊಂಡವರು ಬಹಳ. ವಾಶಿ, ನೆರೂಲ್‌ಗಳ ಸಾಲುಮನೆಗಳಲ್ಲಿಯೂ, ಈಚೆಗೆ ಮೇಲಿನ ಮತ್ತು ಕೆಳಗಿನ ಎರಡು ಬ್ಲಾಕುಗಳನ್ನು ಜೋಡಿಸಿ ‘ಡ್ಯೂಪ್ಲೆಕ್ಸ್’ ಎಂದು ಕರೆಯುವ ಮನೆಗಳಲ್ಲಿಯೂ ಇದೇ ಕಥೆ. ಇವೆಲ್ಲವುಗಳಲ್ಲಿ ಸಮಾನವಾದ ಅಂಶವೊಂದಿದೆ: ಮನೆಯೊಳಗೆ ಒಂದು ಮೆಟ್ಟಿಲು, ಅದೂ, ಬೇರೆಲ್ಲಕ್ಕೂ ಜಾಗ ಬಿಟ್ಟ ಮೇಲೆ ಉಳಿದ ಮೂಲೆಯಲ್ಲಿ ಹೇಗೋ ತುರುಕಿದ ಮೆಟ್ಟಿಲು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಗಳಲ್ಲಿ ಒಂದೊಂದು ಮೆಟ್ಟಿಲಿನ ಎತ್ತರ 190 ಮಿಲಿಮೀಟರನ್ನು ಮೀರಬಾರದೆಂದೂ, ಕಾಲಿಡುವ ಜಾಗ 250 ಮಿಲಿಮೀಟರಿಗಿಂತ ಕಿರಿದಾಗಿರಬಾರದೆಂದೂ ಹೇಳುತ್ತದೆ. ವಾಚಕರು ತಮ್ಮ ಮನೆಯ ಮೆಟ್ಟಿಲನ್ನು ಒಮ್ಮೆ ಅಳತೆಪಟ್ಟಿ ಹಿಡಿದು ನೋಡಬೇಕು. ಎತ್ತರ ಹೆಚ್ಚಾಗಿ, ಪಾದವೂರುವ ಜಾಗ ಕಡಿಮೆಯಾಗಿ, ನಡುವೆ ತಿರುವು ಬಂದೆಡೆ ಮೆಟ್ಟಿಲುಗಳು ತ್ರಿಕೋನಾಕಾರವಾಗಿ, ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಒಂಟಿ ಕಂಬಿ ಇರುವುದೇ ಸಾಮಾನ್ಯ. ದೊಡ್ಡವರು ವರ್ಷಗಟ್ಟಲೆ ಓಡಾಡಿ ಇದಕ್ಕೆ ಒಗ್ಗಿಹೋಗಿರುತ್ತಾರೆ. ಕತ್ತಲಲ್ಲಿಯೂ ಕಾಲು ತಾನಾಗಿ ಲೆಕ್ಕ ಹಿಡಿಯುತ್ತದೆ. ಆದರೆ ಮನೆಯಲ್ಲಿ ತೊಟ್ಟಿಲು ಕಟ್ಟಿ ಏಳೆಂಟು ತಿಂಗಳಾಗುತ್ತಲೇ ಈ ಮೆಟ್ಟಿಲನ್ನು ಹೊಸ ಕಣ್ಣಿನಿಂದ ನೋಡಬೇಕಾದ ಪ್ರಸಂಗ ಬರುತ್ತದೆ.

ಅಂಬೆಗಾಲಿಡುವ ಕೂಸಿಗೆ ಏರುವುದು ಬೇಗ ಬರುತ್ತದೆ, ಇಳಿಯುವುದು ತಡವಾಗಿ ಬರುತ್ತದೆ. ಕೈಗಳನ್ನು ಮುಂದಿನ ಮೆಟ್ಟಿಲ ಮೇಲೂರಿ, ಮೊಣಕಾಲೆತ್ತಿ, ಮಗು ನಾಲ್ಕಾರು ಮೆಟ್ಟಿಲುಗಳನ್ನು ಲೀಲಾಜಾಲವಾಗಿ ಹತ್ತಿಬಿಡುತ್ತದೆ. ಅಲ್ಲಿಗೆ ಹೋಗಿ ಹಿಂದಿರುಗಿ ನೋಡಿದಾಗ ಅದಕ್ಕೆ ಕಾಣುವುದು ಕೆಳಗೆ ನಿಂತ ತಾಯಿ. ನಡುವಿನ ಆಳದ ಅರಿವು ಅದಕ್ಕಿಲ್ಲ. ಮೇಲಾಗಿ, ಈ ವಯಸ್ಸಿನಲ್ಲಿ ದೇಹದ ಪ್ರಮಾಣಕ್ಕೆ ತಲೆಯೇ ಭಾರ. ಆದುದರಿಂದ ಉರುಳಿದ ಮಗು ಸಾಮಾನ್ಯವಾಗಿ ತಲೆ ಮುಂದಾಗಿಯೇ ಉರುಳುತ್ತದೆ. ಅಮೆರಿಕೆಯಲ್ಲಿ 1999ರಿಂದ 2008ರವರೆಗಿನ ಹತ್ತು ವರ್ಷಗಳ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಐದು ವರ್ಷದೊಳಗಿನ 9,31,886 ಮಕ್ಕಳು ಮೆಟ್ಟಿಲುಗಳಲ್ಲಿ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದಿದ್ದರು. ಅಂದರೆ ಸರಾಸರಿ ಆರು ನಿಮಿಷಕ್ಕೊಂದು ಮಗು. ಅವರಲ್ಲಿ ನಾಲ್ಕರಲ್ಲಿ ಮೂರು ಮಂದಿಗೆ ಪೆಟ್ಟಾದುದು ತಲೆಗೆ ಅಥವಾ ಕುತ್ತಿಗೆಗೆ. ಇನ್ನೊಂದು ಸಂಗತಿಯಂತೂ ಬಹಳ ವಿಚಾರಯೋಗ್ಯವಾದುದು: ಒಂದು ವರ್ಷದೊಳಗಿನ ಕೂಸುಗಳಲ್ಲಿ ಸುಮಾರು ಕಾಲುಭಾಗ ಬಿದ್ದುದು ತಾವಾಗಿ ಅಲ್ಲ, ಎತ್ತಿಕೊಂಡು ಇಳಿಯುತ್ತಿದ್ದ ದೊಡ್ಡವರೊಡನೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ವಿಚಾರವನ್ನು ಓದಬೇಕು. ಏಕೆಂದರೆ ಮಗುವನ್ನು ತಡೆಯಲು ಹಾಕಿದ ಬಾಗಿಲೇ ದೊಡ್ಡವರ ಕಾಲಿಗೆ ತೊಡರುವಂತಿದ್ದರೆ ಒಂದು ಅಪಾಯವನ್ನು ಕಳೆದು ಇನ್ನೊಂದನ್ನು ಕೊಂಡಂತಾಗುತ್ತದೆ.

ಅಂಗಡಿಗಳಲ್ಲಿ ‘ಬೇಬಿ ಗೇಟ್’ ಅಥವಾ ‘ಸೇಫ್ಟಿ ಗೇಟ್’ ಎಂದು ಮಾರುವ ವಸ್ತುವನ್ನು ಈ ಲೇಖನದಲ್ಲಿ ತಡೆಬಾಗಿಲು ಎಂದು ಕರೆಯೋಣ. ವಿಚಾರವೇನೂ ನಮಗೆ ಹೊಸದಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ದನಗಳು ತೋಟಕ್ಕೆ ನುಗ್ಗದಂತೆ ದಣಪೆ, ತಡಮೆ, ಉಣಗೋಲುಗಳನ್ನು ನಮ್ಮ ಹಿರಿಯರು ಮಾಡಿದ್ದರು. ಉಪ್ಪರಿಗೆಯ ಮರದ ಮೆಟ್ಟಿಲಿನ ಮೇಲ್ತುದಿಗೆ ಹಲಗೆಯ ಮುಚ್ಚಳವಿರುವ ಹಳೆಯ ಮನೆಗಳನ್ನು ಕಂಡವರೂ ಇದ್ದಾರೆ. ಆ ಮುಚ್ಚಳದಂಥ ಭದ್ರವಾದ ತಡೆ ಇಂದಿನ ಯಾವ ಪೇಟೆಯ ಸರಕಿನಲ್ಲಿಯೂ ಇಲ್ಲವೆಂದು ನನ್ನ ಅಭಿಪ್ರಾಯ. ಆದರೆ ಉಣಗೋಲಿನಿಂದ ಒಂದು ಪಾಠವನ್ನು ತಿರುಗುಮುರುಗಾಗಿ ಕಲಿಯಬೇಕು. ಉಣಗೋಲಿನ ಗಳುಗಳು ಅಡ್ಡಡ್ಡಲಾಗಿರುತ್ತವೆ, ದನ ಅದನ್ನು ಹತ್ತಲಾರದು. ಮಗು ಹತ್ತುತ್ತದೆ. ಅಡ್ಡಕಂಬಿಗಳಿರುವ ತಡೆ ಅದಕ್ಕೆ ಇನ್ನೊಂದು ಏಣಿಯಾಗುತ್ತದೆ. ಮಗುವಿನ ಬಾಗಿಲಿಗೆ ಕಂಬಿಗಳು ನೇರವಾಗಿ ನಿಂತಿರಬೇಕು.

ಬಿಗಿಯುವುದು, ಒತ್ತಿ ನಿಲ್ಲಿಸುವುದು

ತಡೆಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಗೋಡೆಗೆ ತೂತು ಕೊರೆದು ಸ್ಕ್ರೂಗಳಿಂದ ಬಿಗಿಯುವಂಥದು. ಇನ್ನೊಂದು, ನಾಲ್ಕು ಮೂಲೆಗಳಲ್ಲಿರುವ ತಿರುಪುಗಳನ್ನು ತಿರುಗಿಸಿ ಎರಡು ಗೋಡೆಗಳ ನಡುವೆ ಒತ್ತಡದಿಂದ ನಿಲ್ಲಿಸುವಂಥದು. ಎರಡನೆಯದಕ್ಕೆ ಗೋಡೆ ಕೆಡುವುದಿಲ್ಲ, ಹತ್ತು ನಿಮಿಷದಲ್ಲಿ ಕೂರಿಸಬಹುದು, ಬೇಕಾದಲ್ಲಿ ಬದಲಿಸಬಹುದು. ಆದುದರಿಂದ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ವಾಸಿಸುವ ನಮ್ಮ ತರುಣ ದಂಪತಿಗಳು ಅದನ್ನೇ ಮೆಚ್ಚುವುದು ಸಹಜ. ಆದರೆ ಮೆಟ್ಟಿಲಿನ ಮೇಲ್ತುದಿಯಲ್ಲಿ ಒತ್ತಡದ ಬಾಗಿಲನ್ನು ಎಂದಿಗೂ ನಿಲ್ಲಿಸಕೂಡದು. ಇದಕ್ಕೆ ಕಾರಣಗಳು ಎರಡು. ಮಗು ದಿನವೂ ಹಿಡಿದು ಜಗ್ಗಿದಂತೆ, ಬಾಗಿಲು ತೆರೆದು ಮುಚ್ಚಿದಂತೆ, ತಿರುಪುಗಳು ಕಣ್ಣಿಗೆ ಕಾಣದಷ್ಟು ಕಣ್ಣಳತೆಯಲ್ಲಿ ಸಡಿಲವಾಗುತ್ತ ಬರುತ್ತವೆ. ಒಂದು ದಿನ ಮಗುವಿನ ಭಾರಕ್ಕೆ ಬಾಗಿಲೂ ಮಗುವೂ ಒಟ್ಟಿಗೆ ಉರುಳುತ್ತವೆ. ಎರಡನೆಯದಾಗಿ, ಇಂಥ ಬಾಗಿಲಿನ ಚೌಕಟ್ಟಿಗೆ ಕೆಳಗೊಂದು ಅಡ್ಡಪಟ್ಟಿ ಇರುತ್ತದೆ. ಹೊಸ್ತಿಲಿನಂತಿರುವ ಆ ಪಟ್ಟಿಯನ್ನು ದಾಟಿ ಮರುಹೆಜ್ಜೆಯಲ್ಲಿಯೇ ಇಳಿಜಾರು. ಸೀರೆಯ ನೆರಿಗೆಯೋ ಚಪ್ಪಲಿಯ ತುದಿಯೋ ಅದಕ್ಕೆ ತಗುಲಿದರೆ, ಕಂಕುಳಲ್ಲಿ ಕೂಸಿರುವ ತಾಯಿಯ ಗತಿಯೇನು? ಮೆಟ್ಟಿಲಿನ ಬುಡದಲ್ಲಿ ಅಥವಾ ಕೋಣೆಯ ಬಾಗಿಲಲ್ಲಿಯಾದರೆ ಒತ್ತಡದ ಬಾಗಿಲು ಸಾಕು. ಅಲ್ಲಿ ಎಡವಿದರೂ ಸಮನೆಲದ ಮೇಲೆ ಬೀಳುತ್ತೇವೆ.

ಮೇಲ್ತುದಿಗೆ ಬೇಕಾದುದು ಸ್ಕ್ರೂಗಳಿಂದ ಬಿಗಿದ, ಕೆಳಪಟ್ಟಿಯಿಲ್ಲದ, ಮೆಟ್ಟಿಲಿನ ಕಡೆಗೆ ತೆರೆಯದಂತೆ ತಡೆಯಿರುವ ಬಾಗಿಲು. ಬಾಗಿಲು ಯಾವಾಗಲೂ ನೆಲದ ಕಡೆಗೇ ತೆರೆಯಬೇಕು. ಮೆಟ್ಟಿಲಿನ ಮೇಲೆ ತೆರೆಯುವ ಬಾಗಿಲನ್ನು ಒರಗಿದ ಮಗು ಬಾಗಿಲಿನೊಡನೆ ತೂಗುತ್ತ ಗಾಳಿಯಲ್ಲಿ ನಿಲ್ಲುತ್ತದೆ.

ಇವೆರಡಲ್ಲದೆ, ಬಟ್ಟೆಯ ಜಾಲರಿಯನ್ನು ಸುರುಳಿಯಿಂದ ಎಳೆದು ಎದುರು ಗೋಡೆಯ ಕೊಂಡಿಗೆ ಸಿಕ್ಕಿಸುವ ಮೂರನೆಯ ಬಗೆಯೊಂದಿದೆ. ಜಾಗ ಉಳಿತಾಯ, ಕಾಲಿಗೆ ತೊಡರುವ ಪಟ್ಟಿಯಿಲ್ಲ, ಓರೆ ಗೋಡೆಗೂ ಹೊಂದುತ್ತದೆ. ಆದರೆ ಪ್ರತಿಸಲವೂ ಮರೆಯದೆ ಎಳೆದು ಸಿಕ್ಕಿಸಬೇಕು. ತಾನಾಗಿ ಮುಚ್ಚಿಕೊಳ್ಳುವ ಗುಣ ಅದಕ್ಕಿಲ್ಲ. ಮರೆಗುಳಿಗಳಿರುವ ಮನೆಗೆ ಅದು ಹೇಳಿದ್ದಲ್ಲ.

ಮೊದಲು ಸ್ಥಳ, ಆಮೇಲೆ ಬಾಗಿಲು

ಹೆಚ್ಚಿನವರು ಮೊದಲು ಬಾಗಿಲನ್ನು ಕೊಳ್ಳುತ್ತಾರೆ, ಬಳಿಕ ಅದನ್ನು ಎಲ್ಲಿ ಕೂರಿಸುವುದೆಂದು ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಇಕ್ಕಟ್ಟಿನ ಮೆಟ್ಟಿಲಿಗಂತೂ ಸ್ಥಳನಿರ್ಣಯವೇ ಮುಕ್ಕಾಲು ಕೆಲಸ. ಮೇಲಂತಸ್ತಿನಲ್ಲಿ ಬಾಗಿಲು ನಿಲ್ಲಬೇಕಾದುದು ಸಮನೆಲದ ಮೇಲೆ, ಮೊದಲ ಮೆಟ್ಟಿಲಿನ ಅಂಚಿನಿಂದ ಒಂದು ಗೇಣಾದರೂ ಹಿಂದೆ. ಮೆಟ್ಟಿಲುಗಳ ನಡುವೆ, ಅದರಲ್ಲಿಯೂ ತಿರುವಿನ ತ್ರಿಕೋನ ಮೆಟ್ಟಿಲಿನ ಮೇಲೆ, ತಡೆಬಾಗಿಲು ನಿಲ್ಲಿಸಿದರೆ ಅಗುಳಿ ತೆಗೆಯುವವರು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟುಕೊಂಡು ಸರ್ಕಸ್ಸು ಮಾಡಬೇಕಾಗುತ್ತದೆ.

ಅಳತೆ ತೆಗೆಯುವಾಗ ಒಂದೇ ಕಡೆ ಪಟ್ಟಿ ಹಿಡಿದು ತೃಪ್ತರಾಗಬಾರದು. ನೆಲದ ಮಟ್ಟದಲ್ಲಿ ಒಮ್ಮೆ, ಮೊಣಕಾಲಿನ ಎತ್ತರದಲ್ಲಿ ಒಮ್ಮೆ, ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ ಇನ್ನೊಮ್ಮೆ ಅಳೆಯಬೇಕು. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಹೆಂಚಿನ ಅಥವಾ ಅಮೃತಶಿಲೆಯ ‘ಸ್ಕರ್ಟಿಂಗ್’ ಪಟ್ಟಿ ಹಾಕಿರುತ್ತಾರೆ; ಅದು ಗೋಡೆಯಿಂದ ಒಂದೆರಡು ಸೆಂಟಿಮೀಟರು ಮುಂದೆ ಚಾಚಿರುತ್ತದೆ. ಹೀಗಾಗಿ ಕೆಳಗಿನ ಅಳತೆಗೂ ಮೇಲಿನ ಅಳತೆಗೂ ತಾಳೆ ಬೀಳುವುದಿಲ್ಲ. ಹೊರದೇಶದ ನಮೂನೆಯ ಬಾಗಿಲುಗಳು ಹೆಚ್ಚಾಗಿ 75ರಿಂದ 85 ಸೆಂಟಿಮೀಟರಿನ ಕಿಂಡಿಗೆಂದು ಮಾಡಿದವು. ಅಗಲ ಹೆಚ್ಚಾದರೆ ಪಕ್ಕಕ್ಕೆ ಜೋಡಿಸುವ ತುಂಡುಗಳು ಸಿಗುತ್ತವೆ. ಕಡಿಮೆಯಾದರೆ ಕತ್ತರಿಸಿ ಸಣ್ಣದು ಮಾಡುವ ಉಪಾಯವಿಲ್ಲ. ನಮ್ಮಲ್ಲಿ ಅನೇಕ ಒಳಮೆಟ್ಟಿಲುಗಳ ಅಗಲ ಎರಡು-ಎರಡೂವರೆ ಅಡಿಯನ್ನು ದಾಟುವುದಿಲ್ಲವೆಂಬುದನ್ನು ಹಣ ಕೊಡುವ ಮೊದಲೇ ನೆನೆಯಬೇಕು.

ಗೋಡೆ ಯಾವುದರದೆಂಬುದೂ ಮುಖ್ಯ. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿನ ಗೋಡೆಯಾದರೆ ರಾವಲ್‌ಪ್ಲಗ್ಗು ಹಾಕಿ ಸ್ಕ್ರೂ ಬಿಗಿದರೆ ಸಾಕು. ಸಿಪೊರೆಕ್ಸ್‌ನಂಥ ಹಗುರ ಇಟ್ಟಿಗೆಯ ಗೋಡೆ ಸಾಧಾರಣ ಪ್ಲಗ್ಗನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದಕ್ಕೆಂದೇ ಬರುವ ಉದ್ದನೆಯ ಫಾಸ್ಟನರು ಬೇಕು. ಹಳೆಯ ಚಾಳಿನ ಗೋಡೆಯಲ್ಲಿ ಗಿಲಾಯಿ ಉದುರುತ್ತಿದ್ದರೆ ಆ ಗೋಡೆಯನ್ನು ನಂಬಲೇಬಾರದು, ಮರದ ಕಂಬವನ್ನೋ ದಾರಂದವನ್ನೋ ಹುಡುಕಬೇಕು.

ಇಕ್ಕಟ್ಟಿನ ಬಗೆಬಗೆಗಳು

ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕಟಾಂಜನದ ಕಂಬ, ಇದು ಎಲ್ಲಕ್ಕಿಂತ ಸಾಮಾನ್ಯವಾದ ತೊಡಕು. ಗೋಡೆಯ ಬದಿಗೆ ನೆಲದಿಂದ ಮೂರಡಿ ಎತ್ತರದ ಒಂದು ಸಾಗವಾನಿ ಪಟ್ಟಿಯನ್ನು, ಸ್ಕರ್ಟಿಂಗ್ ಇರುವಲ್ಲಿ ಹಿಂಬದಿಯನ್ನು ಅಷ್ಟೇ ಕೆತ್ತಿ, ಮೂರು-ನಾಲ್ಕು ಕಡೆ ಗೋಡೆಗೆ ಬಿಗಿಯಬೇಕು. ಬಾಗಿಲಿನ ಬಿಜಾಗರಿಗಳನ್ನು ಈ ಪಟ್ಟಿಗೆ ಕೂರಿಸಬೇಕು. ಕಂಬದ ಬದಿಗೂ ಇಂಥದೇ ಒಂದು ಪಟ್ಟಿ. ಕಂಬ ಕೊರೆಯಲು ಮನಸ್ಸಿಲ್ಲದಿದ್ದರೆ, ಅಥವಾ ಅದು ದುಂಡಗಿನ ಉಕ್ಕಿನ ಕೊಳವೆಯಾಗಿದ್ದರೆ, ‘ಯು’ ಆಕಾರದ ಕ್ಲಾಂಪುಗಳಿಂದ ಆ ಪಟ್ಟಿಯನ್ನು ಕಂಬಕ್ಕೆ ಅಪ್ಪಿಸಿ ಬಿಗಿಯಬಹುದು. ಪ್ಲಾಸ್ಟಿಕ್ ಪಟ್ಟಿಗಳನ್ನೂ ಹಗ್ಗವನ್ನೂ ನಂಬಬಾರದು. ಮನೆಯ ಮಾಲೀಕರು ತೂತು ಕೊರೆಯಲು ಒಪ್ಪದಿದ್ದರೆ, ಬಿಡುವಾಗ ನಾಲ್ಕು ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಹಚ್ಚಿಕೊಡುತ್ತೇವೆಂದು ಕರಾರಿನಲ್ಲಿಯೇ ಬರೆಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಚಾರ್ಕೋಪ, ಗೊರಾಯಿಗಳ ಮನೆಗಳಲ್ಲಿ ಕಾಣುವ ತೊಡಕು ಇದಕ್ಕಿಂತ ಕಠಿಣ. ಮೇಲೇರಿದೊಡನೆ ನಿಲ್ಲಲು ಜಾಗವೇ ಇಲ್ಲ. ಕೊನೆಯ ಮೆಟ್ಟಿಲಿಗೆ ತಾಗಿಯೇ ಮಲಗುವ ಕೋಣೆಯ ಬಾಗಿಲು. ಅಲ್ಲಿ ಮೆಟ್ಟಿಲಿಗೆ ತಡೆ ಹಾಕುವ ಹಟವನ್ನು ಬಿಟ್ಟು ಕೋಣೆಯ ದಾರಂದವನ್ನೇ ಆಶ್ರಯಿಸುವುದು ಒಳ್ಳೆಯದು. ದಾರಂದ ಮರದ್ದು, ನೇರವಾದುದು, ಗಟ್ಟಿಯಾದುದು. ಅದಕ್ಕೆ ಕೋಣೆಯೊಳಕ್ಕೆ ತೆರೆಯುವ ಒಂದು ಅರೆಬಾಗಿಲು ಕೂರಿಸಿದರೆ ಇಡೀ ಕೋಣೆಯೇ ಮಗುವಿನ ಸುರಕ್ಷಿತ ಅಂಗಳವಾಗುತ್ತದೆ. ಈಗಿರುವ ಬಾಗಿಲೂ ಒಳಕ್ಕೇ ತೆರೆಯುವುದಾದರೆ ಎರಡಕ್ಕೂ ಜಗಳ ಬರುತ್ತದೆ. ಆಗ ಇರುವ ಬಾಗಿಲನ್ನೇ ಅಡ್ಡ ಕೊಯ್ದು ಮೇಲರ್ಧ, ಕೆಳಅರ್ಧ ಎಂದು ಎರಡು ಮಾಡಬಹುದು. ಬಡಗಿಗೆ ಅರ್ಧ ದಿನದ ಕೆಲಸ. ಮೇಲರ್ಧ ತೆರೆದಿದ್ದರೆ ಗಾಳಿಯೂ ಬರುತ್ತದೆ, ಮಗುವಿನ ಸದ್ದೂ ಕೇಳುತ್ತದೆ.

ಗೋಡೆಗಳು ಓರೆಯಾಗಿದ್ದು, ಎದುರು ಬದುರಾಗಿ ನಿಲ್ಲದಿದ್ದಲ್ಲಿ ಒತ್ತಡದ ಬಾಗಿಲು ಕೆಲಸಕ್ಕೆ ಬಾರದು. ಸ್ಕ್ರೂವಿನಿಂದ ಬಿಗಿಯುವ ಕೆಲವು ನಮೂನೆಗಳ ಕೊಂಡಿಗಳು ಸ್ವಲ್ಪ ಓರೆಗೆ ಹೊಂದಿಕೊಳ್ಳುತ್ತವೆ. ಬುಡದ ಮೆಟ್ಟಿಲು ಬೀಸಣಿಗೆಯಂತೆ ಅಗಲವಾಗಿ ಹರಡಿಕೊಂಡಿದ್ದರೆ ಬಾಗಿಲನ್ನು ಎರಡನೆಯ ಮೆಟ್ಟಿಲಿನ ಮೇಲೆ ಕೂರಿಸಿದರೂ ನಡೆಯುತ್ತದೆ. ಒಂದು ಮೆಟ್ಟಿಲಿನಷ್ಟೆತ್ತರವನ್ನು ಮಗು ಹತ್ತಿ ಇಳಿದು ಕಲಿತುಕೊಳ್ಳಲಿ.

ಉಕ್ಕಿನ ಸುರುಳಿ ಮೆಟ್ಟಿಲು ಮನೆಯೊಳಗಿದ್ದರೆ, ಪುಟ್ಟ ಮಗುವಿರುವಷ್ಟು ಕಾಲ ಆ ಮೆಟ್ಟಿಲು ಶತ್ರುವೆಂದೇ ಭಾವಿಸಬೇಕು. ಮೆಟ್ಟಿಲು ಮೆಟ್ಟಿಲಿನ ನಡುವೆ ಹಲಗೆಯಿಲ್ಲ, ಬದಿಯ ಕಂಬಿಗಳ ನಡುವೆ ಅಂತರ ಬಹಳ. ಮೇಲೆ, ನೆಲದಲ್ಲಿರುವ ಕಿಂಡಿಯ ಸುತ್ತ ಕಟಾಂಜನವಿರುತ್ತದೆಯಷ್ಟೆ. ಅದರ ತೆರಪಿಗೆ ಅಳತೆ ಕೊಟ್ಟು ಮಾಡಿಸಿದ ಬಾಗಿಲನ್ನು ಕ್ಲಾಂಪುಗಳಿಂದ ಬಿಗಿಯಬೇಕು. ಕಟಾಂಜನದ ಕಂಬಿಗಳ ನಡುವೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಒಳಬದಿಗೆ ಗಟ್ಟಿ ಜಾಲರಿಯನ್ನೋ ಅಕ್ರಿಲಿಕ್ ಹಲಗೆಯನ್ನೋ ಕಟ್ಟಬೇಕು. ಕಂಬಿಗಳ ನಡುವೆ ಮಗುವಿನ ಕಾಲು, ಸೊಂಟ, ಎದೆ ಜಾರಿಹೋಗಿ ತಲೆ ಮಾತ್ರ ಸಿಕ್ಕಿಕೊಳ್ಳುವುದುಂಟು. ಬೀಳುವುದಕ್ಕಿಂತ ಅದು ಭೀಕರ. ಬಾಗಿಲಿಗೆ ತಡೆ ಹಾಕಿ ಕಟಾಂಜನವನ್ನು ಮರೆತ ಮನೆಗಳು ಎಷ್ಟೋ.

ಪೋಟಮಾಳೆಯ ಏಣಿಗಂತೂ ಪೇಟೆಯ ಯಾವ ಬಾಗಿಲೂ ಹೊಂದುವುದಿಲ್ಲ. ಅಲ್ಲಿ ಹಿರಿಯರ ಮುಚ್ಚಳವೇ ಗತಿ. ಏಣಿ ತೆಗೆಯಲು ಬರುವಂತಿದ್ದರೆ ಹಗಲಿನಲ್ಲಿ ತೆಗೆದು ಗೋಡೆಗೆ ಅಡ್ಡಲಾಗಿ ತೂಗುಹಾಕುವುದು. ಬರದಿದ್ದರೆ ಕೆಳಗಿನ ನಾಲ್ಕು ಮೆಟ್ಟಿಲುಗಳ ಮುಂದೆ ನುಣುಪಾದ ಹಲಗೆಯೊಂದನ್ನು ಕೊಂಡಿಗಳಿಂದ ಸಿಕ್ಕಿಸುವುದು. ಮಗುವನ್ನು ಮಾತ್ರ ಪೋಟಮಾಳೆಯಲ್ಲಿ ಮಲಗಿಸಬಾರದು.

ಚಾಳಿನ ಅಥವಾ ಸೊಸೈಟಿಯ ಸಾರ್ವಜನಿಕ ಮೆಟ್ಟಿಲಿಗೆ ಸ್ವಂತದ ಗೇಟು ಹಾಕುವುದು ಸಲ್ಲದು. ಬೆಂಕಿ ಬಿದ್ದಾಗ ನೂರು ಮಂದಿ ಇಳಿಯಬೇಕಾದ ದಾರಿ ಅದು. ಅಂಥಲ್ಲಿ ನಮ್ಮ ಹೊಸ್ತಿಲೇ ನಮ್ಮ ಗಡಿ. ಮುಂಬಯಿಯ ಮನೆಗಳಲ್ಲಿ ಮುಖ್ಯ ಬಾಗಿಲಿನ ಹೊರಗೊಂದು ಜಾಳಿಯ ‘ಸೇಫ್ಟಿ ಡೋರ್’ ಇರುವುದು ವಾಡಿಕೆ. ಅದಕ್ಕೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಅಗುಳಿ ಹಾಕಿಸಿದರೆ ಸಾಕಾಗುತ್ತದೆ. ಗಾಳಿಗೆಂದು ಮುಖ್ಯ ಬಾಗಿಲು ತೆರೆದು ಜಾಳಿಯನ್ನು ಬರಿದೆ ಸರಿಸಿಡುವ ರೂಢಿಯನ್ನು ಬಿಡಬೇಕು.

ಅಳತೆ ಕೊಟ್ಟು ಮಾಡಿಸುವುದಾದರೆ

ಪೇಟೆಯ ಬಾಗಿಲು ಕೊಳ್ಳುವವರು ಅದರ ಮೇಲೆ ಯುರೋಪಿನ ‘ಇಎನ್ 1930’ ಅಥವಾ ಅಮೆರಿಕೆಯ ‘ಎಎಸ್‌ಟಿಎಂ ಎಫ್ 1004’ ಎಂಬ ಮಾನಕದ ಉಲ್ಲೇಖವಿದೆಯೇ ಎಂದು ನೋಡಬೇಕು. ಆದರೆ ಮೇಲೆ ಹೇಳಿದ ಅನೇಕ ಪ್ರಸಂಗಗಳಲ್ಲಿ ಬಡಗಿಯೋ ಗ್ರಿಲ್ ಮಾಡುವ ಫ್ಯಾಬ್ರಿಕೇಶನ್ನಿನವನೋ ಮಾಡಿಕೊಟ್ಟ ಬಾಗಿಲೇ ಲೇಸು. ಅವರಿಗೆ ಮನೆ ತೋರಿಸಿ, ಇದು ಮಗುವಿಗಾಗಿ ಎಂದು ಮೊದಲೇ ಹೇಳಬೇಕು. ಇಲ್ಲವಾದರೆ ಅವರು ಕಿಟಕಿಯ ಗ್ರಿಲ್ಲಿನಂತೆ ಬಳ್ಳಿ, ನವಿಲು, ವಜ್ರಾಕೃತಿಗಳನ್ನು ಮೂಡಿಸಿ ಅಂದಗಾಣಿಸುತ್ತಾರೆ. ಮಗುವಿಗೆ ಆ ನವಿಲಿನ ಮೇಲೆ ಕಾಲಿಟ್ಟು ಹತ್ತಲು ಅನುಕೂಲ. ಎತ್ತರ 75 ಸೆಂಟಿಮೀಟರಿಗೆ ಕಡಿಮೆಯಿರಬಾರದು. ನೇರ ಕಂಬಿಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬೇಡ. ದೊಡ್ಡವರ ಮೂರು ಬೆರಳು ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕೆಳಗೆ ನೆಲಕ್ಕೂ ಬಾಗಿಲಿಗೂ ನಡುವೆ ನಾಲ್ಕೈದು ಸೆಂಟಿಮೀಟರು ಸಾಕು. ಕಂಬಿಗಳ ತುದಿ ಮೇಲಿನ ಪಟ್ಟಿಯನ್ನು ದಾಟಿ ಮೊಳೆಯಂತೆ ಚಾಚಿರಬಾರದು. ಬೆಸುಗೆ ಹಾಕಿದಲ್ಲಿ ಉಜ್ಜಿ ನುಣುಪು ಮಾಡಿಸಬೇಕು. ಬಣ್ಣ ಸೀಸವಿಲ್ಲದ್ದಾಗಿರಬೇಕು, ಏಕೆಂದರೆ ಹಲ್ಲು ಬರುವ ಮಗು ಮೇಲಿನ ಪಟ್ಟಿಯನ್ನು ಕಚ್ಚಿಯೇ ಕಚ್ಚುತ್ತದೆ.

ಅಂಗಡಿಗಳಿಗೆ ಹಾಕುವ ಮಡಿಚುವ ಕೊಲ್ಯಾಪ್ಸಿಬಲ್ ಜಾಳಿಯನ್ನೇ ಚಿಕ್ಕದಾಗಿ ಮಾಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡ. ಅದು ಮಗುವಿನ ಬೆರಳನ್ನು ಕತ್ತರಿಯಂತೆ ಹಿಡಿಯುತ್ತದೆ. ಅಮೆರಿಕೆಯಲ್ಲಿ ಹಿಂದೆ ಇದೇ ರೀತಿಯ, ವಜ್ರಾಕೃತಿಯ ಕಿಂಡಿಗಳುಳ್ಳ ಮರದ ತಡೆಬಾಗಿಲುಗಳಿದ್ದವು. ಅವುಗಳಲ್ಲಿ ಮಕ್ಕಳ ಕುತ್ತಿಗೆ ಸಿಕ್ಕಿ ಸಾವುಗಳಾದುದರಿಂದ 1985ರಲ್ಲಿ ಆ ರಚನೆಯನ್ನು ಕೈಬಿಡಲಾಯಿತು.

ಮಳೆಗಾಲದ ಮಾತೊಂದಿದೆ. ಜೂನ್ ತಿಂಗಳಿಂದ ಮುಂಬಯಿಯ ಗಾಳಿಯಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಸಲೀಸಾಗಿ ಬೀಳುತ್ತಿದ್ದ ಅಗುಳಿ ಆಗ ಬೀಳದು. ಕಬ್ಬಿಣದ ಬಿಜಾಗರಿ ತುಕ್ಕು ಹಿಡಿಯುತ್ತದೆ. ಮಳೆಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಪರೀಕ್ಷಿಸಬೇಕು. ಪರೀಕ್ಷೆಯೆಂದರೆ ಬೆರಳಿನಿಂದ ಮುಟ್ಟಿ ನೋಡುವುದಲ್ಲ. ಎರಡೂ ಕೈಗಳಿಂದ ಹಿಡಿದು ಅಲುಗಾಡಿಸಿ, ಮಂಡಿಯಿಂದ ಒತ್ತಿ ನೋಡಬೇಕು.

ಅಜ್ಜಿಯ ಕೈ

ಈ ಎಲ್ಲ ವಿವರಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವ ವಿಷಯ ಬೇರೆ. ಗಂಡ ಹೆಂಡಿರಿಬ್ಬರೂ ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುವ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು? ಉಡುಪಿಯಿಂದಲೋ ವಿಜಯಪುರದಿಂದಲೋ ಬಂದಿರುವ ಅಜ್ಜಿ. ಇಲ್ಲವೆ, ಮನೆಗೆಲಸದ ಬಾಯಿ. ತಡೆಬಾಗಿಲನ್ನು ಅಂಗಡಿಯಲ್ಲಿ ತೆರೆದು ಮುಚ್ಚಿ ನೋಡಿ ಕೊಂಡವನು ಮೂವತ್ತರ ತರುಣ. ದಿನಕ್ಕೆ ಇಪ್ಪತ್ತು ಸಲ ತೆರೆಯಬೇಕಾದವಳು ಸಂಧಿವಾತದ ಬೆರಳುಗಳುಳ್ಳ ಅರುವತ್ತೈದರ ಮುದುಕಿ. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಹಿಂದಕ್ಕೆ ಸರಿಸಿ, ಮೇಲಕ್ಕೆತ್ತಿ ತೆರೆಯುವ ಎರಡು-ಮೂರು ಕ್ರಿಯೆಗಳ ಅಗುಳಿ ಮಗುವಿಗೆ ಹೇಗೆ ದುಸ್ಸಾಧ್ಯವೋ ಆಕೆಗೂ ಹಾಗೆಯೇ. ಎರಡು ದಿನ ಒದ್ದಾಡಿ ಮೂರನೆಯ ದಿನ ಆಕೆ ಬಾಗಿಲನ್ನು ತೆರೆದೇ ಬಿಡುತ್ತಾಳೆ, ಅಥವಾ ಸೀರೆ ಎತ್ತಿ ಹಿಡಿದು ದಾಟತೊಡಗುತ್ತಾಳೆ. ಅಮೆರಿಕೆಯಲ್ಲಿಯೇ 1990ರಿಂದ 2010ರವರೆಗೆ ತಡೆಬಾಗಿಲುಗಳ ಸಂಬಂಧದಿಂದ ಪೆಟ್ಟಾದ ಸುಮಾರು 37,000 ಮಕ್ಕಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗಿನವರಿಗೆ ಪೆಟ್ಟಾದುದು ಹೆಚ್ಚಾಗಿ ಬಾಗಿಲು ಕುಸಿದುದರಿಂದ ಅಥವಾ ತೆರೆದೇ ಇದ್ದುದರಿಂದ ಮೆಟ್ಟಿಲಲ್ಲಿ ಉರುಳಿ. ದೊಡ್ಡ ಮಕ್ಕಳಿಗೆ, ಬಾಗಿಲನ್ನು ಹತ್ತಲು ಹೋಗಿ.

ಆದಕಾರಣ ಕೊಳ್ಳುವ ಮೊದಲು, ನಿತ್ಯ ಮನೆಯಲ್ಲಿರುವವರ ಕೈಯಿಂದಲೇ ತೆರೆಸಿ ನೋಡಬೇಕು. ಒಂದು ಕೈಯಲ್ಲಿ ಮಗುವಿನಷ್ಟು ಭಾರದ ಅಕ್ಕಿಚೀಲವನ್ನು ಹಿಡಿಸಿ ಇನ್ನೊಂದು ಕೈಯಿಂದ ತೆರೆಸಬೇಕು. ಆಗಲಿಲ್ಲವೋ, ಆ ಬಾಗಿಲು ಎಷ್ಟೇ ಬೆಲೆಯದಾದರೂ ಆ ಮನೆಗಲ್ಲ. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು ಇದ್ದರೆ ಉತ್ತಮ. ಮಗುವಿನ ಕೈಗೆಟುಕದ ಹೊರಬದಿಯಲ್ಲಿ, ತಗ್ಗಿನಲ್ಲಿ ಹಾಕಿದ ಹಳೆಯ ನಮೂನೆಯ ದಪ್ಪ ಚಿಲಕವನ್ನು ಅಜ್ಜಿಯಂದಿರು ಯಾವ ವಿದೇಶೀ ಗುಂಡಿಗಿಂತಲೂ ಮೆಚ್ಚುತ್ತಾರೆ. ಅತಿಥಿಗಳು ಬಂದಾಗ, ಗಣಪತಿ ಹಬ್ಬದ ಗದ್ದಲದಲ್ಲಿ, ಬಾಗಿಲು ಮುಚ್ಚುವ ಹೊಣೆ ಯಾರದೆಂದು ಒಬ್ಬರ ಹೆಸರು ಹಿಡಿದು ಹೇಳಿಡಬೇಕು. ಮೆಟ್ಟಿಲ ಮೇಲೆ ಬಟ್ಟೆಗಂಟು, ಚಪ್ಪಲಿ, ಈರುಳ್ಳಿ ಬುಟ್ಟಿ ಇಡುವ ಅಭ್ಯಾಸ ತಪ್ಪಬೇಕು. ಮೇಲೂ ಕೆಳಗೂ ದೀಪದ ಸ್ವಿಚ್ಚು ಬೇಕು. ಗಾಲಿಯ ‘ವಾಕರ್’ ಅಂತೂ ಮೆಟ್ಟಿಲಿರುವ ಮನೆಯೊಳಗೆ ಬರಲೇಬಾರದು. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು.

ಮಗು ಬಿದ್ದರೆ

ಎಷ್ಟು ಎಚ್ಚರವಿದ್ದರೂ ಬೀಳುವುದುಂಟು. ಬಿದ್ದೊಡನೆ ಅತ್ತು, ಎತ್ತಿಕೊಂಡ ಮೇಲೆ ಸಮಾಧಾನಗೊಂಡು, ಎಂದಿನಂತೆ ಹಾಲು ಕುಡಿದು ಆಡುವ ಮಗುವಿನ ವಿಷಯದಲ್ಲಿ ಗಾಬರಿ ಬೇಡ. ಉಬ್ಬಿದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಒತ್ತಬಹುದು. ತಿಕ್ಕುವುದು, ಶಾಖ ಕೊಡುವುದು, ಗಾಯಕ್ಕೆ ಕಾಫಿಪುಡಿ ತುಂಬುವುದು ಬೇಡ. ಆದರೆ ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ಮಂಪರಿದ್ದರೆ, ಸೆಳವು ಬಂದರೆ, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರಿನಂಥ ದ್ರವವೋ ಸೋರಿದರೆ, ಒಂದು ಕೈ ಅಥವಾ ಕಾಲನ್ನು ಆಡಿಸದಿದ್ದರೆ, ನೆತ್ತಿಯ ಮೆತ್ತನೆಯ ಭಾಗ ಉಬ್ಬಿದ್ದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಮಹಾರಾಷ್ಟ್ರದಲ್ಲಿ 108ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಕುತ್ತಿಗೆಗೆ ಪೆಟ್ಟಾಗಿರುವ ಸಂಶಯವಿದ್ದರೆ ಮಗುವನ್ನು ಅಲುಗಿಸದೆ ಅವರಿಗಾಗಿ ಕಾಯುವುದು ಮೇಲು. ಒಂದು ವರ್ಷದೊಳಗಿನ ಕೂಸು ಮೆಟ್ಟಿಲುಗಳಿಂದ ಉರುಳಿದ್ದರೆ ಯಾವ ಲಕ್ಷಣವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸುವುದು ಕ್ಷೇಮ. ಮೊದಲ ಒಂದೆರಡು ದಿನ ಮಗುವಿನ ಮೇಲೆ ಕಣ್ಣಿರಬೇಕು.

ಬಾಗಿಲನ್ನು ತೆಗೆಯುವ ಕಾಲ

ತಡೆಬಾಗಿಲಿನ ಆಯುಷ್ಯ ಚಿಕ್ಕದು. ಮಗು ಆರು ತಿಂಗಳಾಗುವ ಹೊತ್ತಿಗೆ ಬಂದು ಕೂತು, ಸುಮಾರು ಎರಡು ವರ್ಷ ತುಂಬಿದ ಮೇಲೆ ಹೋಗಬೇಕು. ಮಗು ಅಗುಳಿ ತೆಗೆಯಲು ಕಲಿತ ದಿನ, ಅಥವಾ ಮೇಲಿನ ಪಟ್ಟಿಗೆ ಎದೆಯಿಟ್ಟು ಕಾಲೆತ್ತಿದ ದಿನ, ಅದು ತಡೆಯಾಗಿ ಉಳಿಯುವುದಿಲ್ಲ. ಮೆಟ್ಟಿಲಿನ ಎತ್ತರಕ್ಕೆ ಬಾಗಿಲಿನ ಎತ್ತರವೂ ಸೇರಿ ಬೀಳುವ ಆಳ ಹೆಚ್ಚಾಗುತ್ತದೆ. ಆ ದಿನಕ್ಕೆ ಮುಂಚೆಯೇ ಮಗುವಿಗೆ ಇಳಿಯುವುದನ್ನು ಕಲಿಸಿರಬೇಕು: ಹೊಟ್ಟೆ ಕೆಳಗಾಗಿ, ಕಾಲು ಮುಂದಾಗಿ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು. ದೊಡ್ಡವರು ಯಾವಾಗಲೂ ಎರಡು ಮೆಟ್ಟಿಲು ಕೆಳಗಿರಬೇಕು. ದಿನಕ್ಕೆ ಹತ್ತು ನಿಮಿಷದಂತೆ ಕಲಿಸಿದರೆ ಕೆಲವು ವಾರಗಳಲ್ಲಿ ಅದಕ್ಕೆ ಆಟವಾಗಿಬಿಡುತ್ತದೆ. ಗೋಡೆಯ ಬದಿಗೆ ಮಗುವಿನ ಎತ್ತರಕ್ಕೆ ಒಂದು ಹಿಡಿಗಂಬಿ ಹಾಕಿಸಿದರೆ ಇನ್ನೂ ಒಳ್ಳೆಯದು, ಮುದುಕರ ಕೈಗೆ ಇನ್ನೊಂದು ಮೇಲೆ ಇದ್ದೇ ಇರಲಿ.

ತೆಗೆದ ಬಾಗಿಲನ್ನು ನಮ್ಮವರಲ್ಲಿ ತೊಟ್ಟಿಲಿನಂತೆ ಮನೆಯಿಂದ ಮನೆಗೆ ಕೊಡುವ ರೂಢಿ ಬೆಳೆದಿರುವುದು ಸಂತೋಷದ ಸಂಗತಿ. ಕೊಡುವಾಗ ಕೊಂಡಿ, ಸ್ಕ್ರೂ, ಕ್ಲಾಂಪುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೇ ಕೊಡಬೇಕು. ಪ್ಲಗ್ಗುಗಳನ್ನು ಮಾತ್ರ ಹೊಸದಾಗಿ ಕೊಳ್ಳಬೇಕು, ಒಮ್ಮೆ ಕಿತ್ತವು ಮತ್ತೆ ಹಿಡಿಯುವುದಿಲ್ಲ. ಪಡೆದವರು ತಮ್ಮ ಮೆಟ್ಟಿಲನ್ನು ಮೊದಲಿನಿಂದ, ಮೂರು ಕಡೆ, ಅಳೆಯತಕ್ಕದ್ದು.